ಚುಕ್ಕಾಣಿಯ ಸ್ಥಳಾಂತರ

ಕಲಬುರಗಿಯ ಸೂಪರ್ ಮಾರ್ಕೆಟ್ಟಿನ ಜನಜಂಗುಳಿಯ ನಡುವೆ ನಿಂತವನಿಗೆ ದೋಣಿಯ ನೆನಪು ಬರುವ ಕಾರಣವಿಲ್ಲ. ಸಮುದ್ರವು ಅಲ್ಲಿಂದ ನೂರಾರು ಮೈಲಿ ದೂರ. ಊರು ಬಿಟ್ಟು ಕಮಲಾಪುರದ ಕಡೆಗೆ ಹೊರಟರೆ ಕಣ್ಣಿಗೆ ಬೀಳುವುದು ತೊಗರಿಯ ಹೊಲ, ಕೆಂಪು ಬಾಳೆಯ ತೋಟ. ಮಳೆ ಕೈಕೊಟ್ಟ ವರ್ಷವಾದರೆ ಕೊಡ ಹಿಡಿದು ನೀರಿಗಾಗಿ ಸಾಲು ನಿಂತ ಜನ. ಇಂಥ ನಾಡಿನ ಗೃಹಸ್ಥನಿಗೆ ದೋಣಿಯ ಚುಕ್ಕಾಣಿ ಎಲ್ಲಿರಬೇಕೆಂಬ ಪ್ರಶ್ನೆಯಿಂದ ಆಗಬೇಕಾದುದೇನು ಎಂದು ಯಾರಾದರೂ ಕೇಳಿದರೆ ಅದು ಸಹಜವೇ.

ಉತ್ತರವನ್ನು ಭೀಮೆಯೇ ಕೊಟ್ಟಿದ್ದಾಳೆ. 2020ರ ಅಕ್ಟೋಬರಿನಲ್ಲಿ ಮೇಲಿನ ಮಹಾರಾಷ್ಟ್ರದ ಮಳೆ, ಜಲಾಶಯಗಳಿಂದ ಬಿಟ್ಟ ನೀರು ಎರಡೂ ಒಟ್ಟಾಗಿ ಬಂದಾಗ ಕಲಬುರಗಿ ಜಿಲ್ಲೆಯ ಹೊಳೆಸಾಲಿನ ಹಳ್ಳಿಗಳು ನಡುಗಡ್ಡೆಗಳಾದವು. 2025ರ ಸೆಪ್ಟೆಂಬರಿನಲ್ಲಿ ಮತ್ತೊಮ್ಮೆ ಹೊಲಗದ್ದೆಗಳ ಮೇಲೆ ನೀರು ನಿಂತಿತು. ಅಂಥ ದಿನಗಳಲ್ಲಿ ಮನೆಯ ಮಾಳಿಗೆ ಏರಿ ಕುಳಿತವರಿಗೆ ಎತ್ತಿನ ಬಂಡಿಯೂ ಆಗದು, ಸರ್ಕಾರಿ ಬಸ್ಸೂ ಆಗದು. ಬೇಕಾಗುವುದು ಹಿಂಬದಿಗೆ ಎಂಜಿನ್ ಕಚ್ಚಿಸಿಕೊಂಡ ಒಂದು ಸಣ್ಣ ದೋಣಿ. ಆ ದೋಣಿಯನ್ನು ನಡೆಸುವವನ ಕೈ ಎಲ್ಲಿರುತ್ತದೆ, ಆ ಕೈಗೂ ಎಂಜಿನ್ನಿಗೂ ನಡುವೆ ಏನಿರುತ್ತದೆ ಎಂಬುದರ ಮೇಲೆ ಆಗ ಹತ್ತಾರು ಜೀವಗಳು ನಿಂತಿರುತ್ತವೆ. ನೆರೆ ಇಳಿದ ಮೇಲೂ ಈ ಪ್ರಶ್ನೆ ಮುಗಿಯುವುದಿಲ್ಲ. ರಜೆಯ ದಿನ ಮಕ್ಕಳನ್ನು ಕರೆದುಕೊಂಡು ಕೆರೆಯಲ್ಲಿಯೋ ಜಲಾಶಯದಲ್ಲಿಯೋ ಕಾರವಾರ, ಮಲ್ಪೆಗಳ ಕಡಲಿನಲ್ಲಿಯೋ ಮೋಟಾರು ದೋಣಿ ಹತ್ತುವ ಸಂಸಾರಗಳಿಗೂ ಅದು ಸಂಬಂಧಿಸಿದ್ದೇ.

ದೋಣಿಯ ಹಿಂಬದಿಯ ಹಲಗೆಗೆ ಹೊರಗಿನಿಂದ ಬಿಗಿಯುವ ಈ ಎಂಜಿನ್ನಿಗೆ ಔಟ್‌ಬೋರ್ಡ್ ಎಂದು ಹೆಸರು. ನಾರ್ವೆಯಲ್ಲಿ ಹುಟ್ಟಿ ಅಮೆರಿಕದ ಮಿಲ್ವಾಕಿ ನಗರದಲ್ಲಿ ನೆಲೆಸಿದ್ದ ಓಲೆ ಎವಿನ್‌ರೂಡ್ ಎಂಬ ಯಂತ್ರಕುಶಲಿಯು 1909ರಲ್ಲಿ ಇಂಥ ಎಂಜಿನ್ನುಗಳನ್ನು ಮಾರಾಟಕ್ಕೆ ತಂದ. ಬೇಸಿಗೆಯ ಒಂದು ದಿನ ತಾನು ಮೆಚ್ಚಿದ ಹುಡುಗಿ ಐಸ್‌ಕ್ರೀಮ್ ಬೇಕೆಂದಳೆಂದೂ, ಸರೋವರದ ಆಚೆ ದಡದಿಂದ ಅದನ್ನು ತರಲು ಅವನು ಬೆವರು ಸುರಿಸಿ ಹುಟ್ಟು ಹಾಕಿದನೆಂದೂ, ಹಿಂದಿರುಗುವಷ್ಟರಲ್ಲಿ ಅದು ಕರಗಿಹೋಗಿತ್ತೆಂದೂ, ಆ ನಿರಾಸೆಯಿಂದಲೇ ಎಂಜಿನ್ ಹುಟ್ಟಿತೆಂದೂ ಒಂದು ಕಥೆ ಪ್ರಚಾರದಲ್ಲಿದೆ. ಕಥೆ ಎಷ್ಟು ನಿಜವೋ ಎಂತೋ, ಯಂತ್ರವಂತೂ ನಿಜ. ಮೊದಲಿನದು ಒಂದೂವರೆ ಅಶ್ವಶಕ್ತಿಯದು. ಒಬ್ಬನೇ ಮನುಷ್ಯ ಎತ್ತಿ ಒಯ್ಯಬಹುದಾಗಿತ್ತು. ಅವನ ಹೆಸರು ಹೊತ್ತ ಔಟ್‌ಬೋರ್ಡುಗಳ ತಯಾರಿಕೆ 2020ರಲ್ಲಿ ನಿಂತುಹೋಯಿತು; ಆದರೆ ಅವನು ತೋರಿಸಿದ ದಾರಿಯಲ್ಲಿ ಇಂದು ನೂರಾರು ಅಶ್ವಶಕ್ತಿಯ ಎಂಜಿನ್ನುಗಳು ಬಂದಿವೆ. ಕರಾವಳಿಯ ನಾಡದೋಣಿಗಳಿಗೆ ಸೀಮೆಎಣ್ಣೆಯ ಔಟ್‌ಬೋರ್ಡ್ ಎಷ್ಟು ಅನಿವಾರ್ಯವಾಯಿತೆಂದರೆ, ಆ ಸೀಮೆಎಣ್ಣೆಯ ಹಂಚಿಕೆಯೇ ರಾಜಕೀಯದ ವಿಷಯವಾಗಿ ಬೆಳೆಯಿತು.

ಚಿಕ್ಕ ಔಟ್‌ಬೋರ್ಡಿನ ಮುಂದಕ್ಕೆ ಒಂದು ಉದ್ದನೆಯ ಹಿಡಿ ಚಾಚಿಕೊಂಡಿರುತ್ತದೆ. ಅದಕ್ಕೆ ಟಿಲ್ಲರ್ ಎನ್ನುತ್ತಾರೆ; ಹೊಲ ಉಳುವ ಟಿಲ್ಲರ್ ಬೇರೆ, ಇದು ಬೇರೆ. ಅಂಬಿಗನು ಎಂಜಿನ್ನಿನ ಪಕ್ಕದಲ್ಲಿಯೇ ಕುಳಿತು ಆ ಹಿಡಿಯನ್ನು ಅತ್ತಿತ್ತ ನೂಕಿದರೆ ಇಡೀ ಎಂಜಿನ್ ಹೊರಳಿ ದೋಣಿ ತಿರುಗುತ್ತದೆ. ಹಿಡಿಯ ತುದಿಯನ್ನು ಸ್ಕೂಟರಿನ ಹಿಡಿಯಂತೆ ತಿರುಚಿದರೆ ವೇಗ ಹೆಚ್ಚುತ್ತದೆ. ಗೇರು ಬದಲಿಸುವ ಸನ್ನೆ ಕೈಗೆಟುಕುವಷ್ಟು ಹತ್ತಿರದಲ್ಲಿ ಇರುತ್ತದೆ. ಎಂಜಿನ್ ನಡುಗಿದರೆ ಅಂಗೈಗೆ ತಿಳಿಯುತ್ತದೆ; ಪ್ರೊಪೆಲರಿಗೆ ಬಲೆಯೋ ಜೊಂಡೋ ಸುತ್ತಿಕೊಂಡರೆ ಕಿವಿಗಿಂತ ಮೊದಲು ಮೊಣಕೈ ಅದನ್ನು ಅರಿಯುತ್ತದೆ. ಎಂಜಿನ್ನಿನ ಶಬ್ದ, ಬಿಸಿ, ಅದುರು ಇವೆಲ್ಲ ಅವನಿಗೆ ಸುದ್ದಿ ಹೇಳುವ ದೂತರು. ಅವನು ಇದಾವುದನ್ನೂ ಯೋಚಿಸಿ ಮಾಡುವುದಿಲ್ಲ. ಕೈ ತಾನಾಗಿ ಮಾಡುತ್ತದೆ.

ಹೀಗಿದ್ದರೂ ಆ ಜಾಗವನ್ನು ಬಿಟ್ಟು ಮುಂದೆ ಬರುವ ಆಸೆ ದೋಣಿಯ ಒಡೆಯರಿಗೆ ಹುಟ್ಟುವುದುಂಟು. ಅದು ಬರಿಯ ಶೋಕಿಯಲ್ಲ. ಹಿಂತುದಿಯಲ್ಲಿ ಎಂಜಿನ್ನಿನ ಭಾರ, ಚಾಲಕನ ಭಾರ ಎರಡೂ ಸೇರಿದಾಗ ದೋಣಿಯ ಮೂತಿ ಮೇಲೇಳುತ್ತದೆ. ಎದುರಿಗೆ ತೇಲಿಬರುವ ಮರದ ದಿಮ್ಮಿಯಾಗಲಿ, ಈಜುತ್ತಿರುವ ಮನುಷ್ಯನಾಗಲಿ ಕಾಣುವುದಿಲ್ಲ. ಮುಂದೆ ಕುಳಿತ ಪ್ರಯಾಣಿಕರ ತಲೆಗಳು ದೃಷ್ಟಿಗೆ ಅಡ್ಡ ಬರುತ್ತವೆ. ದಿನವಿಡೀ ಒಂದು ಪಕ್ಕಕ್ಕೆ ತಿರುಗಿ ಕುಳಿತು ಹಿಡಿ ಹಿಡಿದವನ ಭುಜ, ಸೊಂಟ ಸೋಲುತ್ತವೆ. ಆದುದರಿಂದ ದೋಣಿಯ ನಡುವೆಯೋ ಬಲಗಡೆಯೋ ಒಂದು ಮೇಜಿನಂಥ ಕಟ್ಟಡವನ್ನು ನಿಲ್ಲಿಸಿ, ಅದಕ್ಕೆ ಮೋಟಾರು ಕಾರಿನಂತೆ ಚಕ್ರವನ್ನೂ ವೇಗದ ಸನ್ನೆಯನ್ನೂ ಬೀಗದ ಕೈಯನ್ನೂ ಜೋಡಿಸಿ, ಚಾಲಕನನ್ನು ಅಲ್ಲಿ ಎದುರುಮುಖನಾಗಿ ಕೂರಿಸುತ್ತಾರೆ. ಇದನ್ನು ಕನ್ಸೋಲ್ ಎಂದು ಕರೆಯುವುದು ರೂಢಿ. ಹೊಸ ದೋಣಿಯಲ್ಲಿ ಇದು ಕಾರ್ಖಾನೆಯಿಂದಲೇ ಬರುತ್ತದೆ. ಹಳೆಯ ದೋಣಿಯನ್ನು ಹೀಗೆ ಮಾರ್ಪಡಿಸುವಾಗಲೇ ಪರೀಕ್ಷೆ. ಮೇಜನ್ನು ಬಡಗಿ ಒಂದು ದಿನದಲ್ಲಿ ನಿಲ್ಲಿಸಬಲ್ಲ. ಆದರೆ ಅಂಬಿಗನ ಕೈ ಅರಿಯದೆಯೇ ಮಾಡುತ್ತಿದ್ದ ಕೆಲಸಗಳನ್ನೆಲ್ಲ ಈಗ ಯಾವುದಾದರೊಂದು ತಂತಿ, ಕೀಲು, ಸ್ವಿಚ್ಚು ಮಾಡಬೇಕು. ಅವುಗಳಲ್ಲಿ ಒಂದನ್ನು ಮರೆತರೂ ಕೈಗೂ ಎಂಜಿನ್ನಿಗೂ ನಡುವೆ ಬಂದ ದೂರವು ಅಪಾಯದ ದೂರವಾಗುತ್ತದೆ.

ಮೊದಲನೆಯ ತೊಡಕು ದಿಕ್ಕಿನದು. ಟಿಲ್ಲರಿನ ಹಿಡಿಯನ್ನು ಬಲಕ್ಕೆ ನೂಕಿದರೆ ನೀರಿನೊಳಗಿನ ಪ್ರೊಪೆಲರ್ ಎಡಕ್ಕೆ ಹೊರಳಿ ದೋಣಿಯ ಹಿಂಬದಿಯನ್ನು ಬಲಕ್ಕೆ ತಳ್ಳುತ್ತದೆ. ಮೂತಿ ಎಡಕ್ಕೆ ತಿರುಗುತ್ತದೆ. ಚಕ್ರದಲ್ಲಿ ಹಾಗಲ್ಲ, ಬಲಕ್ಕೆ ತಿರುಗಿಸಿದರೆ ದೋಣಿಯೂ ಬಲಕ್ಕೆ. ಬಸ್ಸು, ಕಾರು ನಡೆಸಿ ಬಲ್ಲವನು ಮೊದಲ ಬಾರಿ ಟಿಲ್ಲರ್ ಹಿಡಿದಾಗ “ಏನ್ರೀ ಮಿಸ್ತ್ರಿ, ಬಲಕ್ಕ ನೂಕಿದ್ರ ಎಡಕ್ಕ ಹೊಂಟದಲ್ರೀ!” ಎಂದು ಗಾಬರಿಯಾದರೆ ಆಶ್ಚರ್ಯವಿಲ್ಲ. ಇಪ್ಪತ್ತು ವರ್ಷ ಟಿಲ್ಲರ್ ಹಿಡಿದವನನ್ನು ಒಮ್ಮೆಗೇ ಚಕ್ರದ ಮುಂದೆ ಕೂರಿಸಿದರೂ ಅದೇ ಗಾಬರಿ. ನೆಮ್ಮದಿಯ ಹೊತ್ತಿನಲ್ಲಿ ಅವನು ತಪ್ಪುವುದಿಲ್ಲ; ಎದುರಿಗೆ ಬಂಡೆ ಕಂಡ ಕ್ಷಣದಲ್ಲಿ ಮಾತ್ರ ಹಳೆಯ ಅಭ್ಯಾಸವೇ ಕೈಯನ್ನು ಎಳೆಯುತ್ತದೆ.

ಈ ಗೊಂದಲ ಸಣ್ಣ ದೋಣಿಗಳದು ಮಾತ್ರವಲ್ಲ. ದೊಡ್ಡ ಹಡಗುಗಳಿಗೆ ಚಕ್ರ ಬಂದು ಬಹುಕಾಲವಾದ ಮೇಲೂ ನಾವಿಕರ ಆಜ್ಞೆಗಳು ಟಿಲ್ಲರಿನ ಕಾಲದವೇ ಆಗಿದ್ದವು. 1912ರ ಏಪ್ರಿಲ್ 14ರ ರಾತ್ರಿ ಟೈಟಾನಿಕ್ ಹಡಗಿನ ಮುಂದೆ ಹಿಮಗಡ್ಡೆ ಕಂಡಾಗ ಅಧಿಕಾರಿಯು ಬಲಬದಿಯ ಹೆಸರು ಹೇಳಿ ಆಜ್ಞೆಯಿತ್ತ. ಹಡಗು ಎಡಕ್ಕೆ ತಿರುಗಿತು. ಅದು ತಪ್ಪಲ್ಲ, ಅಂದಿನ ರೂಢಿಯೇ ಹಾಗಿತ್ತು: ಹೆಸರು ಟಿಲ್ಲರಿನ ದಿಕ್ಕಿನದು, ಚಲನೆ ಹಡಗಿನದು. ಮುಂದೆ ದೇಶದೇಶಗಳು ಒಪ್ಪಂದ ಮಾಡಿಕೊಂಡು, ಆಜ್ಞೆಯಲ್ಲಿ ಯಾವ ದಿಕ್ಕಿನ ಹೆಸರಿದೆಯೋ ಹಡಗೂ ಆ ದಿಕ್ಕಿಗೇ ತಿರುಗಬೇಕೆಂದು ಗೊತ್ತುಮಾಡಿದವು. ಬ್ರಿಟನ್ನಿನಲ್ಲಿ ಈ ಬದಲಾವಣೆ 1933ರಲ್ಲಿ ಜಾರಿಗೆ ಬಂದಿತು. ಇಡೀ ನೌಕಾಪ್ರಪಂಚವೇ ಹೀಗೆ ಹಳೆಯ ರೂಢಿಯನ್ನು ಬಿಡಲು ತಡವರಿಸಿರುವಾಗ ಒಬ್ಬ ಅಂಬಿಗನು ಒಂದು ಸಂಜೆಯಲ್ಲಿ ಅದನ್ನು ಮರೆಯಬೇಕೆನ್ನುವುದು ನ್ಯಾಯವಲ್ಲ. ಮಾರ್ಪಡಿಸಿದ ದೋಣಿಯನ್ನು ಜನ ತುಂಬಿಸದೆ ಕೆಲವು ದಿನ ಬರಿದಾಗಿ ಓಡಿಸಿ ಕೈಗೆ ಹೊಸ ಪಾಠ ಕಲಿಸುವುದು ಅಗತ್ಯ. ಚಕ್ರದ ಕೇಬಲ್ಲನ್ನು ಅದರ ಪೆಟ್ಟಿಗೆಯ ತಪ್ಪು ಬದಿಯಿಂದ ಹೊರತಂದರೆ ಚಕ್ರವೂ ಟಿಲ್ಲರಿನಂತೆಯೇ ತಿರುವುಮುರುವಾಗಿ ನಡೆಯುವುದುಂಟು. ಅದನ್ನು ದಡದ ಮೇಲೆಯೇ ನೋಡಿಕೊಳ್ಳಬೇಕು.

ಎರಡನೆಯದು ಕೇಬಲ್ಲುಗಳ ವಿಷಯ. ಸೂಪರ್ ಮಾರ್ಕೆಟ್ಟಿಗೆ ಬರುವ ಸೈಕಲ್ಲು, ಸ್ಕೂಟರುಗಳಲ್ಲೆಲ್ಲ ಇರುವ ಕೊಳವೆಯೊಳಗಿನ ತಂತಿಯನ್ನು ಕಾಣದವರಿಲ್ಲ. ಅರ್ನೆಸ್ಟ್ ಬೌಡನ್ ಎಂಬಾತನು 1896ರಲ್ಲಿ ಪೇಟೆಂಟ್ ಪಡೆದ ಈ ಉಪಾಯ ಬಹಳ ಸರಳ: ಹೊರಗಿನ ಕೊಳವೆ ಅಲುಗದಂತೆ ಹಿಡಿದಿರುತ್ತದೆ, ಒಳಗಿನ ತಂತಿ ಜಾರುತ್ತದೆ, ಎಷ್ಟೇ ಬಾಗಿ ಬಳಸಿ ಬಂದರೂ ಇತ್ತಲಿನ ಎಳೆತ ಅತ್ತ ಮುಟ್ಟುತ್ತದೆ. ಸ್ಕೂಟರಿನ ಬ್ರೇಕಿನ ತಂತಿಗೆ ಎಳೆಯುವುದೊಂದೇ ಕೆಲಸ. ಹಿಂದಕ್ಕೆ ತರುವುದಕ್ಕೆ ಸ್ಪ್ರಿಂಗ್ ಇದೆ. ದೋಣಿಯ ಕನ್ಸೋಲಿನಿಂದ ಎಂಜಿನ್ನಿಗೆ ಹೋಗುವ ಕೇಬಲ್ ಹಾಗಲ್ಲ. ಅದು ಎಳೆಯಲೂ ಬೇಕು, ದೂಡಲೂ ಬೇಕು. ಆದ್ದರಿಂದ ಅದರ ಒಳತಂತಿ ದಪ್ಪ, ಗಡುಸು. ಮನಸ್ಸಿಗೆ ಬಂದಂತೆ ಬಾಗಿಸಿದರೆ ಒಳಗೇ ಬಿಗಿದುಕೊಳ್ಳುತ್ತದೆ. ಅಂಥ ಕೇಬಲ್ಲಿನ ಬಾಗು ಸಾಮಾನ್ಯವಾಗಿ 8 ಅಂಗುಲದ ತ್ರಿಜ್ಯಕ್ಕಿಂತ ಕಿರಿದಾಗಬಾರದೆಂಬುದು ಕಟ್ಟಳೆ. ಕನ್ಸೋಲನ್ನು ಎಲ್ಲಿ ಬೇಕೆಂದರಲ್ಲಿ ಇಡಲಾಗದಿರುವುದು ಇದರಿಂದಲೇ. ಮೇಜು ಅಂದವಾಗಿ ಕಾಣುವ ಜಾಗ ಬೇರೆ, ಕೇಬಲ್ಲು ಸುಖವಾಗಿ ಹರಿಯುವ ಜಾಗ ಬೇರೆ; ಎರಡರಲ್ಲಿ ಗೆಲ್ಲಬೇಕಾದದ್ದು ಕೇಬಲ್ಲು.

ಉದ್ದದ ಲೆಕ್ಕವೂ ಕಟ್ಟುನಿಟ್ಟು. ಈ ಕೇಬಲ್ಲುಗಳು ಗೊತ್ತಾದ ಅಡಿಗಳ ಲೆಕ್ಕದಲ್ಲಿ ಸಿದ್ಧವಾಗಿ ಬರುತ್ತವೆ. ಬಟ್ಟೆಯಂತೆ ಕತ್ತರಿಸಿ ಹೊಲಿಯಲು ಬರುವುದಿಲ್ಲ. ಅನುಭವಿಯಾದ ಮಿಸ್ತ್ರಿಯು ಕೊಳ್ಳುವ ಮೊದಲು ಒಂದು ಹಗ್ಗವನ್ನು ಕೇಬಲ್ಲು ಹೋಗಬೇಕಾದ ದಾರಿಯಲ್ಲಿಯೇ ಹಾಸಿ, ಎಂಜಿನ್ನನ್ನು ಎಡಕ್ಕೆ ಪೂರ್ತಿ, ಬಲಕ್ಕೆ ಪೂರ್ತಿ ಹೊರಳಿಸಿ, ಮೇಲಕ್ಕೆ ಎತ್ತಿ ನೋಡಿ ಅಳತೆ ತೆಗೆಯುತ್ತಾನೆ. ಕೇಬಲ್ಲು ಉದ್ದವಾದರೆ ಸುತ್ತು ಹೆಚ್ಚಿ ಬಿಗಿತ ಬರುತ್ತದೆ. ಗಿಡ್ಡವಾದರೆ ಇನ್ನೂ ಕೆಟ್ಟದ್ದು: ದೋಣಿಯನ್ನು ಒಂದು ಬದಿಗೆ ಪೂರ್ತಿ ತಿರುಗಿಸಿದಾಗ ಎಂಜಿನ್ನೇ ಕೇಬಲ್ಲನ್ನು ಜಗ್ಗಿ, ಯಾರೂ ಮುಟ್ಟದೆ ವೇಗ ಏರಬಹುದು, ಇಲ್ಲವೆ ಗೇರು ಜಾರಬಹುದು. ತಿರುವಿನಲ್ಲಿ ವೇಗ ಇಳಿಸಬೇಕಾದ ಹೊತ್ತಿಗೆ ದೋಣಿ ನೆಗೆದರೆ ಒಳಗಿದ್ದವರ ಗತಿಯೇನು?

ಕನ್ಸೋಲಿನ ಮೇಲೆ ನಿಲ್ಲುವ ಸನ್ನೆ ಸಾಮಾನ್ಯವಾಗಿ ಒಂದೇ. ಆದರೆ ಅದರ ಹೊಟ್ಟೆಯಿಂದ ಹೊರಡುವ ಕೇಬಲ್ಲುಗಳು ಎರಡು, ಒಂದು ಗೇರಿಗೆ, ಇನ್ನೊಂದು ವೇಗಕ್ಕೆ. ಸನ್ನೆ ನೆಟ್ಟಗೆ ನಿಂತಿದ್ದರೆ ನ್ಯೂಟ್ರಲ್. ಮುಂದಕ್ಕೆ ತುಸು ನೂಕಿದರೆ ಮುಂಗೇರು ಬೀಳುತ್ತದೆ; ಇನ್ನೂ ನೂಕಿದರೆ ವೇಗ ಏರುತ್ತದೆ. ಹಿಂದಕ್ಕೆ ಎಳೆದರೆ ಇದೇ ಕ್ರಮ ಹಿನ್ನಡೆಗೆ. ಗೇರು ಬೀಳುವ ಮೊದಲು ವೇಗ ಏರದಂತೆ ನೋಡಿಕೊಳ್ಳುವ ಜಾಣತನವು ಆ ಪೆಟ್ಟಿಗೆಯಲ್ಲಿಯೇ ಇದೆ. ಟಿಲ್ಲರಿನ ಕಾಲದಲ್ಲಿ ಈ ಎಚ್ಚರ ಅಂಬಿಗನ ಮನಸ್ಸಿನಲ್ಲಿತ್ತು. ಈಗ ಅದು ಉಕ್ಕಿನ ಹಲ್ಲುಗಳಲ್ಲಿದೆ.

ಇಲ್ಲಿ ಒಂದು ಗುಟ್ಟುಂಟು. ಎಲ್ಲ ತಯಾರಕರ ಎಂಜಿನ್ನುಗಳೂ ಒಂದೇ ರೀತಿ ನಡೆಯುವುದಿಲ್ಲ. ಒಂದರಲ್ಲಿ ಕೇಬಲ್ಲನ್ನು ದೂಡಿದರೆ ಥ್ರಾಟಲ್ ತೆರೆಯುತ್ತದೆ, ಇನ್ನೊಂದರಲ್ಲಿ ಎಳೆದರೆ ತೆರೆಯುತ್ತದೆ. ಗೇರಿನದೂ ಹೀಗೆಯೇ. ಹಳೆಯ ಸಾಮಾನಿನ ಅಂಗಡಿಯಲ್ಲಿ ಅಗ್ಗವಾಗಿ ಸಿಕ್ಕಿತೆಂದು ಒಂದು ಜಾತಿಯ ಸನ್ನೆಪೆಟ್ಟಿಗೆಯನ್ನು ಇನ್ನೊಂದು ಜಾತಿಯ ಎಂಜಿನ್ನಿಗೆ ಕಟ್ಟಿದರೆ, ಮುಂದಕ್ಕೆ ನೂಕಿದಾಗ ದೋಣಿ ಹಿಂದಕ್ಕೆ ಹೋಗಬಹುದು. ದಕ್ಕೆಯಲ್ಲಿ ಜನ ಇಳಿಯುತ್ತಿರುವಾಗ ಹಾಗಾದರೆ ಕಾಲು ಕೈ ಉಳಿಯುವುದಿಲ್ಲ. ಎಷ್ಟೋ ಟಿಲ್ಲರ್ ಎಂಜಿನ್ನುಗಳಿಗೆ ದೂರದ ಹತೋಟಿ ಜೋಡಿಸಲು ತಯಾರಕರೇ ಬೇಕಾದ ಕೀಲು, ಹಿಡಿಕೆ, ತೋಳುಗಳ ಕಂತೆಯನ್ನು ಮಾರುತ್ತಾರೆ. ಕೆಲವು ಮಾದರಿಗಳಿಗೆ ಅಂಥ ಕಂತೆಯೇ ಇಲ್ಲ. ಇಲ್ಲದ ಕಡೆ ಬೆಸುಗೆ ಹಾಕಿ ಸೃಷ್ಟಿಸುವುದಕ್ಕಿಂತ ಟಿಲ್ಲರನ್ನೇ ಉಳಿಸಿಕೊಳ್ಳುವುದು ವಿವೇಕ.

ಸರಿಯಾದ ಸಾಮಾನು ಸಿಕ್ಕಿದ ಮೇಲೂ ಹೊಂದಿಸುವ ಕೆಲಸ ತಾಳ್ಮೆಯದು. ಎಂಜಿನ್ನೂ ನ್ಯೂಟ್ರಲ್ಲಿನಲ್ಲಿ, ಸನ್ನೆಯೂ ನ್ಯೂಟ್ರಲ್ಲಿನಲ್ಲಿ ಇರಬೇಕು; ಆಗ ಕೇಬಲ್ಲಿನ ತುದಿ ಎಂಜಿನ್ನಿನ ಗೂಟಕ್ಕೆ ಎಳೆಯದೆ, ನೂಕದೆ ತಾನಾಗಿ ಕೂಡಬೇಕು. ಕೂಡದಿದ್ದರೆ ತುದಿಯ ತಿರುಪನ್ನು ತಿರುಗಿಸಿ ಸರಿಪಡಿಸಬೇಕೇ ಹೊರತು ಬಲ ಹಾಕಿ ಸಿಕ್ಕಿಸಬಾರದು. ಅನಂತರ ನ್ಯೂಟ್ರಲ್ಲಿನಲ್ಲಿ ಪ್ರೊಪೆಲರ್ ಕೈಯಿಂದ ಸರಾಗವಾಗಿ ತಿರುಗುತ್ತದೆಯೇ, ಮುಂಗೇರು ಹಿಂಗೇರು ಎರಡರಲ್ಲಿಯೂ ಕಚ್ಚಿ ನಿಲ್ಲುತ್ತದೆಯೇ, ಸನ್ನೆಯನ್ನು ಹಿಂದಕ್ಕೆ ತಂದಾಗ ಥ್ರಾಟಲ್ ಪೂರ್ತಿ ಮುಚ್ಚುತ್ತದೆಯೇ ಎಂದು ಎಂಜಿನ್ ಆರಿಸಿಟ್ಟೇ ನೋಡಬೇಕು.

ವಿದ್ಯುತ್ತಿನ ಭಾಗವನ್ನು ಹಗುರವಾಗಿ ಎಣಿಸುವವರು ಹೆಚ್ಚು. ಕಾರಿನ ಬೀಗದ ಸ್ವಿಚ್ಚೊಂದನ್ನು ತಂದು ಕನ್ಸೋಲಿಗೆ ಹಾಕಿದರಾಯಿತು ಎಂಬ ಭಾವನೆ ಸಾಮಾನ್ಯ. ಆದರೆ ಹಲವು ಔಟ್‌ಬೋರ್ಡುಗಳು ತಮ್ಮ ಕಿಡಿಯನ್ನು ತಾವೇ ಹುಟ್ಟಿಸಿಕೊಳ್ಳುತ್ತವೆ. ಅವುಗಳನ್ನು ನಿಲ್ಲಿಸುವುದೆಂದರೆ ಆ ಕಿಡಿಯ ತಂತಿಯನ್ನು ಎಂಜಿನ್ನಿನ ಮೈಗೆ ತಾಗಿಸುವುದು. ಕಾರಿನ ಸ್ವಿಚ್ಚು ಮಾಡುವ ಕೆಲಸ ಇದಕ್ಕೆ ವಿರುದ್ಧ. ಅದು ಬ್ಯಾಟರಿಯ ವಿದ್ಯುತ್ತನ್ನು ಒಳಗೆ ಕಳಿಸುತ್ತದೆ. ಆ ವಿದ್ಯುತ್ತು ನಿಲುಗಡೆಯ ತಂತಿಯಲ್ಲಿ ಹರಿದರೆ ಕಿಡಿ ಹುಟ್ಟಿಸುವ ಭಾಗ ಸುಟ್ಟುಹೋಗುತ್ತದೆ, ನಡುನೀರಿನಲ್ಲಿ ಎಂಜಿನ್ ಸಾಯುತ್ತದೆ. ಗೇರು ನ್ಯೂಟ್ರಲ್ಲಿನಲ್ಲಿ ಇಲ್ಲದಾಗ ಎಂಜಿನ್ ಹೊತ್ತಿಕೊಳ್ಳದಂತೆ ತಡೆಯುವ ಸ್ವಿಚ್ಚೂ ಕನ್ಸೋಲಿನಲ್ಲಿ ಇರಬೇಕು. ಟಿಲ್ಲರಿನ ಪಕ್ಕ ಕುಳಿತವನಿಗೆ ಗೇರಿನ ಸನ್ನೆ ಕಣ್ಣೆದುರಿಗೇ ಇತ್ತು. ದೂರ ಕುಳಿತವನಿಗೆ ಆ ನೋಟವನ್ನು ಸ್ವಿಚ್ಚು ತುಂಬಿಕೊಡಬೇಕು.

ಚಕ್ರವು ಎಂಜಿನ್ನನ್ನು ಹೊರಳಿಸುವ ಬಗೆಯೂ ವಿಚಾರಾರ್ಹ. ಚಿಕ್ಕ ಎಂಜಿನ್ನಿಗೆ ಒಂದು ದಪ್ಪ ಕೇಬಲ್ಲು ಸಾಕು. ದೊಡ್ಡದಕ್ಕೆ ಎಣ್ಣೆಯ ಒತ್ತಡದಿಂದ ನಡೆಯುವ ಹೈಡ್ರಾಲಿಕ್ ಏರ್ಪಾಡು ಬೇಕು. ತಿರುಗುವ ಪ್ರೊಪೆಲರ್ ಎಂಜಿನ್ನನ್ನು ಸದಾ ಒಂದು ಕಡೆಗೆ ಎಳೆಯುತ್ತಿರುತ್ತದೆ. ಚಕ್ರ ಕೈಬಿಟ್ಟ ಕೂಡಲೆ ದೋಣಿ ಗಕ್ಕನೆ ಒಂದು ಬದಿಗೆ ತಿರುಗಿದರೆ ನಿಂತವರು ನೀರುಪಾಲಾಗುತ್ತಾರೆ. ಕರಾವಳಿಯಲ್ಲಿ ಇದಕ್ಕೆ ಉಪ್ಪಿನ ಕಾಟವೂ ಸೇರುತ್ತದೆ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ದಡದಲ್ಲಿ ಬಿದ್ದ ದೋಣಿಯಲ್ಲಿ ಗ್ರೀಸ್ ಕಾಣದ ಕೇಬಲ್ಲು ಕೊಳವೆಯೊಳಗೇ ತುಕ್ಕು ಹಿಡಿದು ಕೂತುಬಿಡುತ್ತದೆ. ಟಿಲ್ಲರಿಗೆ ಇಂಥ ರೋಗವಿಲ್ಲ. ಅದು ಒಂದು ಕಬ್ಬಿಣದ ತೋಳು ಮಾತ್ರ.

ಭಾರವನ್ನೂ ಮರೆಯುವಂತಿಲ್ಲ. ಕನ್ಸೋಲು, ಚಾಲಕ, ಬ್ಯಾಟರಿ, ಪೆಟ್ರೋಲಿನ ತೊಟ್ಟಿ ಇವು ಒಂದೊಂದೂ ಜಾಗ ಬದಲಿಸಿದಾಗ ದೋಣಿಯ ತೂಕದ ಕೇಂದ್ರ ಸರಿಯುತ್ತದೆ. ಚಾಲಕನು ಬಲಗಡೆ ಕುಳಿತರೆ ಬ್ಯಾಟರಿಯೋ ತೊಟ್ಟಿಯೋ ಎಡಗಡೆ ಇರಬೇಕು. ಬಲಗಡೆಯೇ ಏಕೆಂದರೆ ಅದಕ್ಕೂ ಕಾರಣವುಂಟು. ಸಾಮಾನ್ಯವಾದ ಪ್ರೊಪೆಲರ್ ಹಿಂದಿನಿಂದ ನೋಡಿದಾಗ ಗಡಿಯಾರದ ಮುಳ್ಳಿನಂತೆ ತಿರುಗುತ್ತದೆ. ಅದರ ಪ್ರತಿಕ್ರಿಯೆಯಿಂದ ದೋಣಿ ಎಡಕ್ಕೆ ವಾಲಲು ನೋಡುತ್ತದೆ. ಬಲಗಡೆ ಕುಳಿತ ಚಾಲಕನ ತೂಕ ಅದನ್ನು ಸರಿದೂಗಿಸುತ್ತದೆ. ಅಲ್ಲದೆ 1972ರ ಅಂತಾರಾಷ್ಟ್ರೀಯ ನೌಕಾನಿಯಮದಂತೆ, ಎರಡು ಯಂತ್ರದೋಣಿಗಳ ದಾರಿ ಅಡ್ಡ ಹಾಯುವಾಗ ತನ್ನ ಬಲಗಡೆಯಲ್ಲಿ ಇನ್ನೊಂದನ್ನು ಕಂಡವನು ದಾರಿ ಬಿಡಬೇಕು. ಬಲಗಡೆ ಕುಳಿತವನಿಗೆ ಆ ಬದಿ ಚೆನ್ನಾಗಿ ಕಾಣುತ್ತದೆ.

ಇಷ್ಟೆಲ್ಲ ಸರಿಯಾದರೂ ಉಳಿಯುವ ಒಂದು ದಾರ ಎಲ್ಲಕ್ಕಿಂತ ಮುಖ್ಯ. ಚಾಲಕನ ಕಾಲಿಗೋ ನಡುವಿಗೋ ಕಟ್ಟಿ, ಇನ್ನೊಂದು ತುದಿಯನ್ನು ಎಂಜಿನ್ ನಿಲ್ಲಿಸುವ ಸ್ವಿಚ್ಚಿಗೆ ಸಿಕ್ಕಿಸುವ ಕೆಂಪು ದಾರ ಅದು. ಚಾಲಕ ನೀರಿಗೆ ಬಿದ್ದರೆ ದಾರ ಕಳಚುತ್ತದೆ, ಎಂಜಿನ್ ಆರುತ್ತದೆ. 2013ರ ಮೇ ತಿಂಗಳಿನಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತದ ಪ್ಯಾಡ್‌ಸ್ಟೋ ಬಳಿ, ರಜೆಗೆ ಬಂದಿದ್ದ ಒಂದು ಕುಟುಂಬದ ಆರು ಜನ, ತಂದೆ ತಾಯಿ ಮತ್ತು ನಾಲ್ಕು ಮಕ್ಕಳು, ವೇಗದ ತಿರುವಿನಲ್ಲಿ ದೋಣಿಯಿಂದ ಹೊರಕ್ಕೆ ಎಸೆಯಲ್ಪಟ್ಟರು. ದಾರವನ್ನು ಯಾರೂ ಕಟ್ಟಿಕೊಂಡಿರಲಿಲ್ಲ. ಎಂಜಿನ್ ನಿಲ್ಲದೆ, ಬರಿದಾದ ದೋಣಿ ವೃತ್ತಾಕಾರವಾಗಿ ಸುತ್ತುತ್ತ ನೀರಿನಲ್ಲಿದ್ದ ಅವರ ಮೇಲೆಯೇ ಹರಿಯಿತು. ತಂದೆ ಮತ್ತು ಎಂಟು ವರ್ಷದ ಮಗಳು ತೀರಿಕೊಂಡರು. ಉಳಿದವರಲ್ಲಿ ಕೆಲವರಿಗೆ ಘೋರ ಗಾಯಗಳಾದವು. ಅಮೆರಿಕದಲ್ಲಿ 26 ಅಡಿಗಿಂತ ಚಿಕ್ಕದಾದ ವೇಗದ ದೋಣಿಗಳ ಚಾಲಕರು ಇಂಥ ನಿಲುಗಡೆಯ ದಾರವನ್ನು ಬಳಸಬೇಕೆಂಬ ಕಾನೂನು 2021ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ. ಟಿಲ್ಲರನ್ನು ಕನ್ಸೋಲಿಗೆ ಬದಲಿಸುವಾಗ ಎಷ್ಟೋ ಬಾರಿ ಈ ದಾರದ ಸ್ವಿಚ್ಚು ಹಿಂದೆ ಎಂಜಿನ್ನಿನ ಬಳಿಯೇ ಉಳಿದುಬಿಡುತ್ತದೆ. ಚಾಲಕ ಎಲ್ಲಿಗೆ ಹೋದನೋ ದಾರವೂ ಅಲ್ಲಿಗೆ ಹೋಗಬೇಕು. ಇಲ್ಲದ ಮಾರ್ಪಾಡು ಮಾರ್ಪಾಡೇ ಅಲ್ಲ.

ಕಡೆಯದು ಪರೀಕ್ಷೆಯ ಓಟ. 2024ರ ಡಿಸೆಂಬರ್ 18ರಂದು ಮುಂಬಯಿ ಬಂದರಿನಲ್ಲಿ ಎಲಿಫೆಂಟಾ ದ್ವೀಪಕ್ಕೆ ಹೊರಟಿದ್ದ ಪ್ರಯಾಣಿಕರ ದೋಣಿಗೆ ನೌಕಾದಳದ ವೇಗದೋಣಿಯೊಂದು ಬಡಿಯಿತು. ಎಂಜಿನ್ನಿನ ಪರೀಕ್ಷೆ ನಡೆಯುತ್ತಿದ್ದಾಗ ಎಂಜಿನ್ ದೋಷದಿಂದ ದೋಣಿ ಹತೋಟಿ ತಪ್ಪಿತೆಂದು ನೌಕಾದಳ ತಿಳಿಸಿತು. ಎರಡು ದೋಣಿಗಳವರೂ ಸೇರಿ 15 ಜನ ಸತ್ತರು. ನುರಿತ ಕೈಗಳಿದ್ದ ಕಡೆಯೇ ಹೀಗಾದರೆ, ಊರಿನ ಕೆರೆಯಲ್ಲಿ ನಿನ್ನೆ ಕಟ್ಟಿದ ಕೇಬಲ್ಲನ್ನು ಇಂದು ಭಾನುವಾರದ ಜನಸಂದಣಿಯ ನಡುವೆ ಪರೀಕ್ಷಿಸುವುದು ಎಂಥ ಸಾಹಸ! ಮೊದಲು ದಡಕ್ಕೆ ಕಟ್ಟಿ, ಆಮೇಲೆ ಬರಿದಾದ ನೀರಿನಲ್ಲಿ ನಿಧಾನವಾಗಿ, ಕೊನೆಗೆ ವೇಗದಲ್ಲಿ. ಪ್ರತಿ ಹಂತದಲ್ಲಿಯೂ ಹಿಂದಕ್ಕೆ ಬಂದು ತಿರುಪುಗಳನ್ನು ನೋಡಿ ಮುಂದುವರಿಯಬೇಕು.

ಹಾಗಾದರೆ ಎಲ್ಲ ದೋಣಿಗಳಿಗೂ ಕನ್ಸೋಲ್ ಬೇಕೇ? ಬೇಡ. ನೆರೆಯ ನೀರಿನಲ್ಲಿ ಬೇಲಿಯ ತಂತಿ, ಜಾಲಿಯ ಮುಳ್ಳು, ಮುಳುಗಿದ ಪಂಪ್‌ಸೆಟ್ಟು ಎಲ್ಲಿ ತಾಗುವುದೋ ಹೇಳಲಾಗದು. ಅಲ್ಲಿ ಎಂಜಿನ್ನಿನ ಪಕ್ಕ ಕುಳಿತು ಒಂದೇ ಕೈಯಲ್ಲಿ ಅದನ್ನು ಮೇಲೆತ್ತಬಲ್ಲವನು ಬೇಕು. ಮೇಜು ಆಕ್ರಮಿಸುವ ಜಾಗದಲ್ಲಿ ಇನ್ನಿಬ್ಬರು ಮುದುಕರನ್ನು ಕೂರಿಸಬಹುದು. ಗಾಳಿ ತುಂಬಿದ ಹಗುರ ದೋಣಿಗೆ ಟಿಲ್ಲರ್ ಒಪ್ಪುವುದು ಇದರಿಂದಲೇ. ಬಲೆ ಬೀಸುವ ನಾಡದೋಣಿಗೂ ಬಯಲಾದ ಅಂಗಳ ಬೇಕು. ಉದ್ದದ ಪ್ರಯಾಣ, ಹೆಚ್ಚು ಅಶ್ವಶಕ್ತಿ, ತುಂಬ ಜನ ಇವು ಕೂಡಿದಲ್ಲಿ ಕನ್ಸೋಲ್ ಸಾರ್ಥಕ. ಕೇಬಲ್ಲೇ ಇಲ್ಲದೆ ವಿದ್ಯುತ್ ಸಂಕೇತದಿಂದ ನಡೆಯುವ ಹತೋಟಿಗಳೂ ಈಗ ಬಂದಿವೆ. ಕೈಗೂ ಯಂತ್ರಕ್ಕೂ ನಡುವಿನ ದೂರ ಅವುಗಳಲ್ಲಿ ಇನ್ನೂ ಹೆಚ್ಚು, ಜೋಡಿಸಿದವನ ಹೊಣೆಯೂ ಅಷ್ಟೇ ಹೆಚ್ಚು.

ಹನ್ನೆರಡನೆಯ ಶತಮಾನದ ಶರಣರಲ್ಲಿ ಅಂಬಿಗರ ಚೌಡಯ್ಯ ಒಬ್ಬ. ದೋಣಿ ನಡೆಸುವುದೇ ಅವನ ಕಾಯಕ. ಹೊಳೆ ದಾಟಿಸುವವನ ಕೈಗೆ ಜೀವ ಒಪ್ಪಿಸಿ ಕೂರುವ ಪದ್ಧತಿ ಈ ನಾಡಿಗೆ ಅಷ್ಟು ಹಳೆಯದು. ಈಗ ಆ ನಂಬಿಕೆ ಅಂಬಿಗನ ಜೊತೆಗೆ ಕೇಬಲ್ಲು ಕಟ್ಟಿದ ಮಿಸ್ತ್ರಿಗೂ, ಸಾಮಾನು ಆರಿಸಿದ ಒಡೆಯನಿಗೂ ಸಲ್ಲುತ್ತದೆ. ಆ ಮಿಸ್ತ್ರಿ ಪ್ರಯಾಣಿಕರಿಗೆ ಕಾಣುವುದಿಲ್ಲ; ಕಾಣುವ ಗುರುತುಗಳು ಮಾತ್ರ ಕೆಲವುಂಟು. ಮುಂದಿನ ರಜೆಯಲ್ಲಿ ಮೋಟಾರು ದೋಣಿ ಹತ್ತುವ ತಾಯಿತಂದೆಯರು ಮಕ್ಕಳ ತೇಲುಕವಚಗಳನ್ನು ಬಿಗಿದ ಮೇಲೆ ಚಾಲಕನ ಕಡೆಗೊಮ್ಮೆ ನೋಡಲಿ. ಅವನಿಗೆ ಎದುರಿನ ನೀರು ಕಾಣುತ್ತದೆಯೇ? ಕೆಂಪು ದಾರ ಅವನ ಮೈಗೆ ಕಟ್ಟಿದೆಯೇ? ಕಟ್ಟಿಲ್ಲದಿದ್ದರೆ ಸಂಕೋಚವಿಲ್ಲದೆ “ಅಣ್ಣಾ, ದಾರ ಕಟ್ಟಿಕೊಳ್ರೀ” ಎನ್ನಬಹುದು. ಅವನು ನಕ್ಕರೂ ಚಿಂತೆಯಿಲ್ಲ, ಕಟ್ಟಿಕೊಂಡರೆ ಸಾಕು.